ಜನರನ್ನು ನಡೆಸುವ ವಿದ್ಯೆ: ಗುಡೂರಿನಲ್ಲಿ ಒಂದು ಸಂವಾದ

[ಗುಡೂರಿನ ಒಂದು ನೇಕಾರ ಮನೆಯ ಪಡಸಾಲೆ. ಮಾತನಾಡುವವರು ಮೂವರು: ಸ್ನಾತಕೋತ್ತರ ಪದವಿಗೆ ಹೊರಟು ನಿಂತಿರುವ ತರುಣಿ, ಆಕೆಯ ಸೋದರಮಾವನಾದ ನೇಕಾರ, ದೊಡ್ಡ ಕಾರ್ಖಾನೆಯೊಂದರಲ್ಲಿ ಬಹುಕಾಲ ಕಾರ್ಮಿಕ ಕಲ್ಯಾಣಾಧಿಕಾರಿಯಾಗಿದ್ದು, ನಿವೃತ್ತಿಯ ಅನಂತರ ಊರಿಗೆ ಮರಳಿರುವ ಹಿರಿಯರು.]

ನೇಕಾರ: ಈಕಿ ಎರಡು ವರ್ಷ ಕಲಿತು ಬರೋದೇನಂತ ನನಗ ಇನ್ನೂ ತಿಳಿದಿಲ್ರಿ. ಲೆಕ್ಕ ಕಲೀತಾಳ ಅಂದ್ರ ತಿಳಿತೈತಿ, ಬ್ಯಾಂಕಿನ ಕೆಲಸ ಕಲೀತಾಳ ಅಂದ್ರೂ ತಿಳಿತೈತಿ. ಮಂದಿ ಕಡಿಂದ ಕೆಲಸ ಮಾಡಿಸೋದನ್ನ ಕಲಿಯಾಕ ಕಾಲೇಜಿಗೆ ಹೋಗಬೇಕೇನ್ರಿ? ನಮ್ಮವ್ವ ಈ ಮನ್ಯಾಗ ಅಷ್ಟೂ ಮಂದಿ ಕಡಿಂದ ಕೆಲಸ ಮಾಡಸ್ತಾಳ. ಆಕಿಗೆ ಯಾರೂ ಸರ್ಟಿಫಿಕೇಟ್ ಕೊಟ್ಟಿಲ್ಲ.

ಹಿರಿಯರು: ತಮ್ಮ ಪ್ರಶ್ನೆಯನ್ನು ನಾನು ಹಗುರವಾಗಿ ಎಣಿಸಲಾರೆ, ಏಕೆಂದರೆ ವಿದ್ಯೆಯೆಂಬ ಹೆಸರನ್ನು ಧರಿಸಿ ವಿಶ್ವವಿದ್ಯಾಲಯದ ಬಾಗಿಲಿಗೆ ಬಂದ ಪ್ರತಿಯೊಂದು ವಿಷಯವೂ, ಕೇವಲ ಲೋಕಾನುಭವದಿಂದ ಲಭಿಸುವುದಕ್ಕಿಂತ ಅಧಿಕವಾದುದೇನನ್ನು ತಾನು ಕೊಡಬಲ್ಲೆನೆಂಬುದನ್ನು ತೋರಿಸಿಕೊಡತಕ್ಕದ್ದು. ಆದರೆ ಒಂದು ಭೇದವನ್ನು ಗಮನಿಸಬೇಕು. ತಮ್ಮ ತಾಯಿಯವರು ಮನೆಮಂದಿಯನ್ನು ನಡೆಸುವುದು ರಕ್ತಸಂಬಂಧದ ಬಲದಿಂದ. ಹಗಲಿನಲ್ಲಿ ಮುನಿದವರು ಇರುಳಿಗೆ ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣಲೇಬೇಕು. ಒಬ್ಬರ ಹೆಸರನ್ನೊಬ್ಬರು ಅರಿಯದ ಸಹಸ್ರಾರು ಜನರು ಹತ್ತು ಜಿಲ್ಲೆಗಳಿಂದ ಬಂದು ಒಂದು ಮಾಡಿನ ಕೆಳಗೆ ಕೂಲಿಗಾಗಿ ಕೂಡಿದಾಗ, ಅವರನ್ನು ಹಿಡಿದು ನಿಲ್ಲಿಸುವ ಬಲ ಯಾವುದು, ಅದನ್ನು ಯಾರು ಎಷ್ಟರಮಟ್ಟಿಗೆ ಪ್ರಯೋಗಿಸಬಹುದು, ಅದು ಮಿತಿಮೀರಿದರೆ ಎಲ್ಲಿ ಮೊರೆಯಿಡಬೇಕು ಎಂಬ ಪ್ರಶ್ನೆಗಳು ಏಳುತ್ತವೆ. ಅಲ್ಲಿಂದ ಮುಂದೆ ಮನೆಯ ಹಿರಿತನ ಸಾಲದು.

ತರುಣಿ: ನನ್ನ ಸಂದೇಹ ಬೇರೆಯದು. ಈ ವಿದ್ಯೆಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎರಡು ಹಾದಿಗಳಿವೆ. ಒಂದು ಎಂ.ಬಿ.ಎ.; ಮೊದಲ ವರ್ಷ ಲೆಕ್ಕಶಾಸ್ತ್ರ, ಅರ್ಥಶಾಸ್ತ್ರ, ಮಾರುಕಟ್ಟೆಗಳನ್ನು ಎಲ್ಲರೊಡನೆ ಓದಿ, ಎರಡನೆಯ ವರ್ಷ ಮಾನವ ಸಂಪನ್ಮೂಲವನ್ನು ಆರಿಸಿಕೊಂಡವರು ನೇಮಕಾತಿ, ತರಬೇತಿ, ವೇತನರಚನೆ, ಔದ್ಯೋಗಿಕ ಸಂಬಂಧ, ಕಾರ್ಮಿಕ ಕಾನೂನುಗಳನ್ನು ಕಲಿಯುವುದು. ಇನ್ನೊಂದು ಎಂ.ಎಸ್.ಡಬ್ಲ್ಯೂ.; ಅಲ್ಲಿ ಸಮಾಜಕಾರ್ಯವೇ ಮೂಲವಾಗಿದ್ದು, ಓದಿನ ಜೊತೆಜೊತೆಯಲ್ಲಿಯೇ ಕ್ಷೇತ್ರಕಾರ್ಯವನ್ನು ಮಾಡಬೇಕು. ಕಂಪನಿಗಳು ಎರಡೂ ಕಡೆಯವರನ್ನು ಒಂದೇ ಹುದ್ದೆಗೆ ತೆಗೆದುಕೊಳ್ಳುವುದುಂಟು. ಹಾಗಿದ್ದ ಮೇಲೆ ಒಂದೇ ಊರಿಗೆ ಎರಡು ರಸ್ತೆಗಳೇಕೆ?

ಹಿರಿಯರು: ಆ ಎರಡು ರಸ್ತೆಗಳ ಹುಟ್ಟನ್ನು ಅರಿತರೆ ಅರ್ಧ ವಿದ್ಯೆಯನ್ನು ಅರಿತಂತೆಯೇ ಸರಿ. ನಮ್ಮ ಈ ಸೀಮೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಾಪುರ ಜಿಲ್ಲೆಯ ಭಾಗವಾಗಿತ್ತೆಂಬುದನ್ನು ನೀನು ಬಲ್ಲೆ. ಆ ಕಾಲದ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಕೂಲಿಯವನನ್ನು ಕೆಲಸಕ್ಕೆ ಸೇರಿಸುವವನೂ, ಕೆಲಸದಿಂದ ಬಿಡಿಸುವವನೂ, ಸೇರಿಸಿದ್ದಕ್ಕೆ ಮಾಮೂಲು ಪಡೆಯುವವನೂ, ಕೈಯಲ್ಲಿ ಕಾಸಿಲ್ಲದಾಗ ಬಡ್ಡಿಗೆ ಸಾಲ ಕೊಡುವವನೂ ಒಬ್ಬನೇ ಆಗಿದ್ದನು, ಆತನೇ ಮುಕಾದಮ. ವ್ಹಿಟ್ಲಿಯವರ ಅಧ್ಯಕ್ಷತೆಯಲ್ಲಿ 1929ರಲ್ಲಿ ನೇಮಕವಾದ ಕಾರ್ಮಿಕ ರಾಯಲ್ ಆಯೋಗವು 1931ರ ತನ್ನ ವರದಿಯಲ್ಲಿ, ಸೇರಿಸುವ ಬಿಡಿಸುವ ಅಧಿಕಾರವನ್ನು ಆತನ ಕೈಯಿಂದ ತೆಗೆದು, ಅದಕ್ಕಾಗಿಯೇ ನೇಮಿಸಲ್ಪಟ್ಟ ಕಾರ್ಮಿಕ ಅಧಿಕಾರಿಗೆ ಕೊಡಬೇಕೆಂದು ಸೂಚಿಸಿತು. ಅಂಥ ಅಧಿಕಾರಿಗಳನ್ನು ಶಿಕ್ಷಿತರನ್ನಾಗಿ ಮಾಡುವವರು ಬೇಕಲ್ಲವೆ? 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನ ಸಮಾಜಕಾರ್ಯದ ಸ್ನಾತಕೋತ್ತರ ಶಾಲೆ ಆರಂಭವಾಯಿತು. ಅದೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. 1948ರ ಕಾರ್ಖಾನೆ ಕಾಯಿದೆಯ 49ನೆಯ ಕಲಮು, 500 ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವಲ್ಲಿ ಕಲ್ಯಾಣಾಧಿಕಾರಿಯು ಇರಲೇಬೇಕೆಂದು ವಿಧಿಸಿತು. ಮರುವರ್ಷವೇ ಜಮ್ಶೆಡ್‌ಪುರದಲ್ಲಿ ಜೆಸ್ವಿಟ್ ಪಾದ್ರಿಗಳು ಕಾರ್ಮಿಕ ಸಂಬಂಧಗಳ ಅಧ್ಯಯನಕ್ಕೆಂದೇ ಎಕ್ಸ್‌ಎಲ್‌ಆರ್‌ಐ ಸಂಸ್ಥೆಯನ್ನು ಸ್ಥಾಪಿಸಿದರು. ಈ ಹಾದಿ ಹುಟ್ಟಿದ್ದು ಕಾರ್ಮಿಕನ ಕಷ್ಟದಿಂದ.

ತರುಣಿ: ಇನ್ನೊಂದು?

ಹಿರಿಯರು: ಇನ್ನೊಂದು ಹುಟ್ಟಿದ್ದು ವ್ಯಾಪಾರದ ದಕ್ಷತೆಯಿಂದ. 1908ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಆರಂಭವಾದ ವ್ಯವಹಾರ ಶಾಲೆಯ ಮಾದರಿಯು, 1961ರಲ್ಲಿ ಕಲ್ಕತ್ತೆ ಮತ್ತು ಅಹಮದಾಬಾದುಗಳ ಆಡಳಿತ ನಿರ್ವಹಣಾ ಸಂಸ್ಥೆಗಳ ಮೂಲಕ ನಮ್ಮ ದೇಶಕ್ಕೂ, 1973ರಲ್ಲಿ ಬೆಂಗಳೂರಿನ ಸಂಸ್ಥೆಯ ಮೂಲಕ ನಮ್ಮ ರಾಜ್ಯಕ್ಕೂ ಬಂದಿತು. ಕಾಲಾಂತರದಲ್ಲಿ ಈ ಹಾದಿ ರಾಜಮಾರ್ಗವಾಯಿತು. ಮೊದಲಿನದು ಬದಿಗೆ ಸರಿಯಿತು. ದುಡಿಯುವವನಿಗೆ ಏನಾಗುತ್ತಿದೆಯೆಂದು ಒಂದು ಕೇಳುತ್ತದೆ. ದುಡಿಮೆಯಿಂದ ಏನಾಗುತ್ತಿದೆಯೆಂದು ಇನ್ನೊಂದು ಕೇಳುತ್ತದೆ. ಎರಡು ಪ್ರಶ್ನೆಗಳೂ ನ್ಯಾಯವಾದುವೇ. ಒಂದನ್ನು ಕೇಳಿ ಇನ್ನೊಂದನ್ನು ಕೇಳದಿರುವುದೇ ಅನ್ಯಾಯ.

ನೇಕಾರ: ಮುಕಾದಮನ್ನ ತೆಗೆದ್ರು ಅಂದ್ರಲ್ಲ, ಎಲ್ಲಿ ಹೋಗ್ಯಾನ್ರಿ ಅಂವ? ಕಬ್ಬು ಕಡಿಯೋ ಗ್ಯಾಂಗಿನ್ಯಾಗ ಇದ್ದಾನ, ಗೋವಾಕ್ಕ ಮಂಗಳೂರಿಗೆ ದುಡಿಯಾಕ ಹೋಗೋ ಮಂದಿ ಮುಂದ ಇದ್ದಾನ. ಮುಂಗಡ ಕೊಡ್ತಾನ, ಕರ್ಕೊಂಡು ಹೋಗ್ತಾನ. ಲೆಕ್ಕ ಅವನ ಹಂತ್ಯಾಕ ಇರ್ತೈತಿ. ದೀಪಾವಳಿಗೆ ಬಂದಾಂವ ಕೇಳಿದ್ರ ಬಾಕಿ ತೀರಿಲ್ಲ ಅಂತಾನ.

ತರುಣಿ: ಮಾವ ಹೇಳುವುದು ಸತ್ಯ, ದೊಡ್ಡ ಕಾರ್ಖಾನೆಗಳಲ್ಲಿಯೂ ಆತನಿದ್ದಾನೆ, ಗುತ್ತಿಗೆ ಏಜೆನ್ಸಿಯೆಂಬ ಬೇರೊಂದು ಹೆಸರಿನಲ್ಲಿ. 2020ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಐಫೋನುಗಳನ್ನು ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ನಡೆದ ದಾಂಧಲೆಯನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದರು. ಗಾಜು ಒಡೆದದ್ದು, ವಾಹನಗಳನ್ನು ಮಗುಚಿದ್ದು ಎಲ್ಲರಿಗೂ ನೆನಪಿದೆ. ಅನಂತರ ಕಾರ್ಖಾನೆಗಳ ಇಲಾಖೆಯವರು ಪರಿಶೀಲಿಸಿ ಹೇಳಿದ್ದು ಕೆಲವರಿಗೆ ಮಾತ್ರ ನೆನಪಿದೆ. ಅಲ್ಪಕಾಲದಲ್ಲಿ ದುಡಿಯುವವರ ಸಂಖ್ಯೆ ಸುಮಾರು 5,000ದಿಂದ 10,500ಕ್ಕೆ ಏರಿತ್ತು; ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯದಾಗಿತ್ತು; ಹಾಜರಿಯ ದಾಖಲೆಯೂ ವೇತನದ ಲೆಕ್ಕವೂ ಹೊಂದುತ್ತಿರಲಿಲ್ಲ; ಬಹುಪಾಲು ಜನರು ಏಜೆನ್ಸಿಗಳ ಮೂಲಕ ಬಂದವರಾದುದರಿಂದ, ತಮ್ಮ ಸಂಬಳ ಕಡಿಮೆಯಾದುದೇಕೆಂದು ಯಾರನ್ನು ಕೇಳಬೇಕೆಂಬುದೇ ಅವರಿಗೆ ಸ್ಪಷ್ಟವಿರಲಿಲ್ಲ. ಕಾರ್ಮಿಕ ಕಾನೂನನ್ನು ಚೆನ್ನಾಗಿ ಬಲ್ಲವರು ಮಾನವ ಸಂಪನ್ಮೂಲ ವಿಭಾಗದಲ್ಲಿ ಸಾಕಷ್ಟು ಇರಲಿಲ್ಲವೆಂಬುದೂ ಆ ಪರಿಶೀಲನೆಯಲ್ಲಿ ಕಂಡುಬಂದಿತು. ಕಂಪನಿಯು ಕ್ಷಮೆ ಕೇಳಿ, ಭಾರತದ ವ್ಯವಹಾರವನ್ನು ನೋಡುತ್ತಿದ್ದ ಉಪಾಧ್ಯಕ್ಷನನ್ನು ತೆಗೆಯಿತು. ನಾನು ಕಲಿಯಹೊರಟಿರುವ ವಿದ್ಯೆಯ ಅಭಾವವು ಏನನ್ನು ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಹಿರಿಯರು: ಉದಾಹರಣೆ ಸರಿ, ನಿರ್ಣಯವನ್ನು ತುಸು ತಡೆದು ಮಾಡು. ಅಲ್ಲಿ ಕೊರತೆಯಾದುದು ಪ್ರೇರಣೆಯ ಸಿದ್ಧಾಂತವೂ ಅಲ್ಲ, ನಾಯಕತ್ವದ ಉಪನ್ಯಾಸವೂ ಅಲ್ಲ. ಯಾರು ಎಷ್ಟು ಹೊತ್ತು ದುಡಿದರು, ಅವರಿಗೆ ಎಷ್ಟು ಸಲ್ಲಬೇಕು, ಸಲ್ಲದಿದ್ದರೆ ಎಲ್ಲಿ ಹೇಳಿಕೊಳ್ಳಬೇಕು ಎಂಬ ಮೂರು ಪ್ರಾಥಮಿಕ ಸಂಗತಿಗಳು. ನಾನು ಕೆಲಸದಲ್ಲಿದ್ದ ಅಷ್ಟು ವರ್ಷಗಳಲ್ಲಿ ನನ್ನ ಮೇಜಿಗೆ ಬಂದ ತಕರಾರುಗಳನ್ನು ಬಿಚ್ಚಿ ನೋಡಿದರೆ, ಮಾನಾಪಮಾನದ ರೂಪವನ್ನು ತಾಳಿ ಬಂದುವುಗಳಲ್ಲಿಯೂ ಬಹಳಷ್ಟರ ತಳದಲ್ಲಿ ಒಂದು ತಪ್ಪು ಲೆಕ್ಕವಿರುತ್ತಿತ್ತು. ಒಂದು ದಿನದ ಹಾಜರಿ ಬಿಟ್ಟುಹೋಗಿರುತ್ತಿತ್ತು. ಸೂಟಿಯ ಅರ್ಜಿ ಯಾರದೋ ಕಪಾಟಿನಲ್ಲಿ ಉಳಿದಿರುತ್ತಿತ್ತು. ಆದುದರಿಂದ ಜನರನ್ನು ನಡೆಸುವ ವಿದ್ಯೆಯ ಮೊದಲ ಪಾಠವು ದುಡಿಮೆಯ ನ್ಯಾಯವಾದ ಲೆಕ್ಕವೇ ಆಗಿರತಕ್ಕದ್ದು ಎಂಬುದು ನನ್ನ ಮತ.

ತರುಣಿ: ಲೆಕ್ಕವೇ ಸರ್ವಸ್ವವಾದರೆ ಅಮೆರಿಕದ ಎಂಜಿನಿಯರ್ ಟೇಲರನೊಬ್ಬನೇ ಸಾಕಲ್ಲವೆ? 1911ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತನು, ಬೆತ್ಲೆಹೆಮ್ ಉಕ್ಕಿನ ಕಂಪನಿಯಲ್ಲಿ ಕಬ್ಬಿಣದ ಗಟ್ಟಿಗಳನ್ನು ಹೊರುವವನ ಒಂದೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆದು, ದಿನಕ್ಕೆ 12½ ಟನ್ನು ಹೊರುತ್ತಿದ್ದವನಿಂದ 47½ ಟನ್ನು ಹೊರಿಸಿದೆನೆಂದು ಬರೆದುಕೊಂಡಿದ್ದಾನೆ. ಅದಕ್ಕಿಂತ ಸೂಕ್ಷ್ಮವಾದ ಲೆಕ್ಕ ಯಾವುದು?

ಹಿರಿಯರು: ಆ ಪುಟದಲ್ಲಿಯೇ ಇರುವ ಇನ್ನೊಂದು ಅಂಕಿಯನ್ನೂ ಓದಬೇಕು. ಹೊರೆ ಸುಮಾರು ನಾಲ್ಕು ಪಟ್ಟಾದಾಗ ದಿನಗೂಲಿಯು 1.15 ಡಾಲರಿನಿಂದ 1.85 ಡಾಲರಿಗೆ ಏರಿತು; ಎರಡು ಪಟ್ಟೂ ಆಗಲಿಲ್ಲ. ದುಡಿಮೆಯನ್ನು ಅಳೆಯುವುದಕ್ಕೆ ಗಡಿಯಾರವಿತ್ತು, ಪ್ರತಿಫಲವನ್ನು ಅಳೆಯುವುದಕ್ಕೆ ಒಡೆಯನ ಇಚ್ಛೆಯಿತ್ತು. ಒಂದೇ ಕಡೆಯಿಂದ ಬರೆದ ಲೆಕ್ಕ ಎಷ್ಟು ಸೂಕ್ಷ್ಮವಾಗಿದ್ದರೂ ಅದು ಅರ್ಧ ಲೆಕ್ಕವೇ.

ತರುಣಿ: ಅದಕ್ಕೆ ಉತ್ತರವಾಗಿಯೇ ಹಾಥಾರ್ನ್ ಪ್ರಯೋಗಗಳು ಬಂದವೆಂದು ಪಠ್ಯಗಳು ಹೇಳುತ್ತವೆ. 1924ರಿಂದ ಶಿಕಾಗೊ ಸಮೀಪದ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ ಬೆಳಕನ್ನು ಹೆಚ್ಚಿಸಿ ನೋಡಿದರು, ತಗ್ಗಿಸಿ ನೋಡಿದರು. ವಿರಾಮವನ್ನು ಕೊಟ್ಟು ನೋಡಿದರು, ತೆಗೆದು ನೋಡಿದರು. ಆಮೇಲೆ 20,000ಕ್ಕೂ ಮಿಕ್ಕಿದ ಕೆಲಸಗಾರರನ್ನು ಕೂರಿಸಿಕೊಂಡು ಅವರ ಮಾತನ್ನು ಕೇಳಿದರು. ಮನುಷ್ಯನು ಕೂಲಿಗಾಗಿ ಮಾತ್ರ ದುಡಿಯುವುದಿಲ್ಲ, ತನ್ನನ್ನು ಗಮನಿಸುತ್ತಾರೆಂಬ ಭಾವವೂ ಆತನನ್ನು ದುಡಿಸುತ್ತದೆ ಎಂಬ ತತ್ತ್ವ ಅಲ್ಲಿಂದ ಬಂದಿತು.

ಹಿರಿಯರು: ಬಂದಿತು, ಮತ್ತು ಅದರಿಂದ ಲೋಕಕ್ಕೆ ಉಪಕಾರವೂ ಆಯಿತು. ಆದರೆ ಆ ಪ್ರಯೋಗಗಳಲ್ಲೊಂದಕ್ಕಾಗಿ ಪ್ರತ್ಯೇಕ ಕೋಣೆಯಲ್ಲಿ ಕೂರಿಸಿದ ಐದು ಮಂದಿ ಹೆಣ್ಣುಮಕ್ಕಳ ಗಳಿಕೆಯನ್ನು, ಇಡೀ ವಿಭಾಗದ ಲೆಕ್ಕದಿಂದ ಬಿಡಿಸಿ, ಅವರ ಸಣ್ಣ ಗುಂಪಿನ ಉತ್ಪನ್ನಕ್ಕೇ ಹೊಂದಿಸಿ ಕೊಟ್ಟರೆಂಬುದನ್ನು ಪಠ್ಯಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ತಾವು ಮಾಡಿದ್ದು ತಮಗೇ ಸಲ್ಲುವುದೆಂದು ಕಣ್ಣಾರೆ ಕಂಡಾಗ ಅವರ ಕೈ ಚುರುಕಾದುದರಲ್ಲಿ ಆಶ್ಚರ್ಯವೇನು? ಗಮನವೂ ಬೇಕು, ಲೆಕ್ಕವೂ ಬೇಕು. ಲೆಕ್ಕವಿಲ್ಲದ ಗಮನವು ಕೇವಲ ಉಪಚಾರದ ಮಾತು.

ನೇಕಾರ: ಅಮೇರಿಕದ ಮಾತು ಇರಲಿ. ಮಗ್ಗದ ಮ್ಯಾಲ ಯಾರರ ಏನರ ಬರದಾರೇನು?

ತರುಣಿ: ಬರೆದಿದ್ದಾರೆ, ಮಾವ. ನಮ್ಮ ದೇಶದ ಮಗ್ಗವೇ ಈ ಶಾಸ್ತ್ರಕ್ಕೆ ಒಂದು ಪ್ರಸಿದ್ಧ ಅಧ್ಯಾಯವನ್ನು ಕೊಟ್ಟಿದೆ. 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿಗೆ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯಿಂದ ಎ. ಕೆ. ರೈಸ್ ಎಂಬವರು ಬಂದರು. ಮಿಲ್ಲಿನವರು ಸ್ವಯಂಚಾಲಿತ ಮಗ್ಗಗಳನ್ನು ತರಿಸಿದ್ದರು. ಆದರೂ ಬಟ್ಟೆ ಎಣಿಸಿದಷ್ಟು ಬರುತ್ತಿರಲಿಲ್ಲ. ರೈಸ್ ನೋಡಿದರೆ, ಅಲ್ಲಿ ನೇಯುವವನೊಬ್ಬ, ಹರಿದ ಎಳೆ ಕೂಡಿಸುವವನೊಬ್ಬ, ಲಾಳಿಗೆ ನೂಲು ಒದಗಿಸುವವನೊಬ್ಬ, ಎಣ್ಣೆ ಹಾಕುವವನೊಬ್ಬ, ಕಸ ಗುಡಿಸುವವನೊಬ್ಬ. ಒಬ್ಬೊಬ್ಬನ ಪಾಲಿಗೆ ಬೇರೆ ಬೇರೆ ಸಂಖ್ಯೆಯ ಮಗ್ಗಗಳು. ಒಂದು ಮಗ್ಗ ನಿಂತರೆ ಅದು ಯಾರ ಹೊಣೆಯೆಂದು ಹೇಳುವವರಿಲ್ಲ. ಆಗ ಒಂದಿಷ್ಟು ಮಗ್ಗಗಳನ್ನು ಒಂದು ಸಣ್ಣ ಗುಂಪಿಗೆ ಒಪ್ಪಿಸಿ, ಒಳಗಿನ ಹಂಚಿಕೆಯನ್ನು ಅವರಿಗೇ ಬಿಟ್ಟರು. ಬಟ್ಟೆ ಹೆಚ್ಚಿತು, ಕೆಟ್ಟ ಬಟ್ಟೆ ಕಡಿಮೆಯಾಯಿತು. ಈ ಪ್ರಯೋಗವನ್ನು ಇಂದಿಗೂ ಬೇರೆ ಬೇರೆ ದೇಶಗಳ ಆಡಳಿತ ವಿದ್ಯಾರ್ಥಿಗಳು ಓದುತ್ತಾರೆ.

ನೇಕಾರ: ಅದರಾಗ ಹೊಸಾದೇನೈತಿ? ಇಲ್ಲಿ ಬಾ, ನೋಡು. ನಮ್ಮ ಇಳಕಲ್ಲ ಸೀರಿಗೆ ಒಡಲಿನ ಉಂಕಿ ಬ್ಯಾರೆ, ಸೆರಗಿನ ಉಂಕಿ ಬ್ಯಾರೆ. ಸೆರಗು ಕೆಂಪು ರೇಷ್ಮಿ. ಒಡಲು ನೂಲರ ಇರ್ತೈತಿ, ರೇಷ್ಮಿಯರ ಇರ್ತೈತಿ. ಈ ಎಳಿ ತುದಿಯಾಗ ಆ ಎಳಿ ಕೊಂಡಿ ಹಾಕಿ, ಒಂದೊಂದ ಎಳಿ ಕೂಡಿಸ್ಕೊಂತ ಹೋಗಬೇಕು. ತೋಪುತೆನಿ ಅಂತೀವಿ. ಒಬ್ಬಾಕಿ ಎಳಿ ಹೆಕ್ಕಿ ಕೊಡ್ತಾಳ, ಇನ್ನೊಬ್ಬಾಂವ ಕೊಂಡಿ ಹಾಕ್ತಾನ. ಕಣ್ಣು ಒಂದೀಟು ಸರದ್ರ ಮುಗೀತು. ನಾ ಕುಣ್ಯಾಗ ಕುಂತು ನೇಯ್ತೀನಿ, ನಿಮ್ಮತ್ತಿ ಕಂಡಿಕಿ ಸುತ್ತತಾಳ, ಅವ್ವ ಮುದುಕ್ಯಾದ್ರೂ ನೂಲು ಬಿಡಿಸ್ತಾಳ. ಇದು ಗುಂಪಲ್ಲೇನು? ಆದ್ರ ಮಜೂರಿ ಮಾತ್ರ ಒಂದ ಸೀರಿಗೆ ಇಷ್ಟು ಅಂತ. ಕಂಡಿಕಿಗೆ ಇಲ್ಲ, ಕೊಂಡಿಗೆ ಇಲ್ಲ. ನೂಲು ಬರೋತನಕ ಮಗ್ಗ ಖಾಲಿ ಇದ್ದ ದಿನಕ್ಕ ಅಂತೂ ಇಲ್ಲವ ಇಲ್ಲ.

ಹಿರಿಯರು: ಈಗ ತಾವು ಈ ಶಾಸ್ತ್ರದ ಮರ್ಮಕ್ಕೇ ಕೈಯಿಟ್ಟಿರಿ. ಯಾವ ದುಡಿಮೆ ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ, ಅದನ್ನು ನಿರ್ಧರಿಸುವವರು ಯಾರು? ಅಹಮದಾಬಾದಿನ ಪ್ರಯೋಗವು ಹೊಣೆಯನ್ನು ಗುಂಪಿಗೆ ಕೊಟ್ಟಿತು. ಗುಡೂರಿನಲ್ಲಿ, ಇಳಕಲ್ಲಿನಲ್ಲಿ, ಕಮತಗಿ ಸೂಳೇಬಾವಿಗಳಲ್ಲಿ ಹೊಣೆಯು ಗುಂಪಿನ ಮೇಲೆ ಎಂದಿನಿಂದಲೂ ಇದೆ, ಲೆಕ್ಕವು ಮಾತ್ರ ಒಬ್ಬನ ಹೆಸರಿನಲ್ಲಿದೆ. ನೂಲು ಸಾಹುಕಾರನದು, ಮಾದರಿ ಸಾಹುಕಾರನದು, ಮಾರುಕಟ್ಟೆ ಸಾಹುಕಾರನದು. ಮಗ್ಗ, ಮನೆ, ಮಳೆಗಾಲದಲ್ಲಿ ಕುಣಿಯೊಳಗೆ ನೀರು ಬಂದರೆ ಅದರ ನಷ್ಟ, ಇವು ನೇಕಾರನವು. ಈ ಏರ್ಪಾಡಿನಲ್ಲಿ ನೇಕಾರನು ನೌಕರನೋ ಸ್ವತಂತ್ರ ಉದ್ಯಮಿಯೋ ಎಂದು ಕೇಳಿದರೆ, ಲಾಭದ ಹೊತ್ತಿನಲ್ಲಿ ಒಂದು ಉತ್ತರ, ನಷ್ಟದ ಹೊತ್ತಿನಲ್ಲಿ ಇನ್ನೊಂದು ಉತ್ತರ.

ತರುಣಿ: ನಮ್ಮ ಸೀಮೆಗೆ ಸಂಘಟನೆಯ ವಿದ್ಯೆ ಹೊಸದೇನೂ ಅಲ್ಲವಷ್ಟೆ. ಇಲ್ಲಿಂದ ಅನತಿದೂರದಲ್ಲಿರುವ ಐಹೊಳೆಯ ಹೆಸರನ್ನು ಹೊತ್ತ ಐನೂರ್ವರು ಸ್ವಾಮಿಗಳ ವರ್ತಕ ಸಂಘವು ಶತಮಾನಗಳ ಕಾಲ ದಕ್ಷಿಣ ದೇಶವನ್ನೆಲ್ಲ ವ್ಯಾಪಿಸಿ, ಸಮುದ್ರವನ್ನು ದಾಟಿ, ಸುಮಾತ್ರದ ಬಾರುಸಿನಲ್ಲಿ 1088ರ ತಮಿಳು ಶಾಸನವೊಂದನ್ನು ಬಿಟ್ಟಿದೆ. ವೀರಬಣಂಜುಧರ್ಮವೆಂಬ ತಮ್ಮದೇ ಆದ ಕಟ್ಟಳೆ, ನಾಡು ನಗರಗಳು ಕೂಡಿ ನಿರ್ಣಯಿಸುವ ಸಭೆ, ಸರಕಿನ ಮೇಲೆ ತಾವೇ ವಿಧಿಸಿಕೊಂಡ ಸುಂಕ, ಇವೆಲ್ಲ ಅವರಿಗಿದ್ದವು. ನಮ್ಮ ಪಠ್ಯಗಳಲ್ಲಿ ಟೇಲರನಿಗೆ ಇರುವ ಸ್ಥಾನದ ಹತ್ತನೆಯ ಒಂದು ಪಾಲಾದರೂ ಇವರಿಗೆ ಬೇಡವೆ?

ಹಿರಿಯರು: ಬೇಕು, ನಿಸ್ಸಂದೇಹವಾಗಿ ಬೇಕು. ಆದರೆ ಅಭಿಮಾನದಿಂದ ಓದಿದಷ್ಟೇ ಎಚ್ಚರದಿಂದಲೂ ಓದು. ಆ ಶಾಸನಗಳು ಸ್ವಾಮಿಗಳ ಬಿರುದನ್ನೂ ದಾನವನ್ನೂ ಕಲ್ಲಿನಲ್ಲಿ ನಿಲ್ಲಿಸಿದವು; ಅವರ ಮೂಟೆಯನ್ನು ಹೊತ್ತು ಘಟ್ಟ ದಾಟಿದವನ ಕೂಲಿ ಅವುಗಳ ವಿಷಯವಲ್ಲ. ಸಂಘಟನೆಯ ಇತಿಹಾಸವು ಬಹುಮಟ್ಟಿಗೆ ಸಂಘಟಿಸಿದವರು ಬರೆಯಿಸಿದ ಇತಿಹಾಸ.

ನೇಕಾರ: ಕಾಯಕದ ಮಾತೂ ಹಂಗ ಆಗೈತಿ ನೋಡ್ರಿ. ಕೂಡಲಸಂಗಮ ಇಲ್ಲೇ ಐತಿ. ಸಭಾ ಅಂದ್ರ ಸಾಕು, ಕಾಯಕದ ಭಾಷಣ. ಕೇಳಾಕ ಚಲೋನ ಇರ್ತೈತಿ. ಆದ್ರ ದುಡಿಯಾವಗ ಕಾಯಕ ಅಂತ ಹೇಳಾವರು ದುಡಿಸಾವಗ ದಾಸೋಹ ಅಂತ ಯಾಕ ಹೇಳಂಗಿಲ್ಲ?

ಹಿರಿಯರು: ಶರಣರ ವಿಚಾರದಲ್ಲಿ ಅವೆರಡೂ ಒಂದನ್ನೊಂದು ಬಿಟ್ಟಿರತಕ್ಕವಲ್ಲ, ದುಡಿಯುವುದರ ಜೊತೆಗೆ ದುಡಿಮೆಯ ಫಲವನ್ನು ಹಂಚಿಕೊಳ್ಳುವುದೂ ಆ ಧರ್ಮದ ಅಂಗ. ಅರ್ಧವನ್ನು ಭಿತ್ತಿಗೆ ಬರೆಸಿ ಅರ್ಧವನ್ನು ಮರೆತ ಕಾರ್ಖಾನೆಗಳನ್ನು ನಾನೂ ಕಂಡಿದ್ದೇನೆ.

ತರುಣಿ: ಧರ್ಮವನ್ನು ಮರೆತವರಿಗೆ ಕಾನೂನಾದರೂ ನೆನಪು ಮಾಡಬೇಕು.

ಹಿರಿಯರು: ಕಾನೂನಿಗೂ ಒಂದು ಹೊಸ್ತಿಲಿದೆ. 1948ರ ಕಾಯಿದೆಯ ಪ್ರಕಾರ ವಿದ್ಯುತ್ತಿನ ಬಲವಿರುವಲ್ಲಿ 10, ಇಲ್ಲದಲ್ಲಿ 20 ಜನರಿದ್ದರೆ ಅದು ಕಾರ್ಖಾನೆ. 29 ಕಾಯಿದೆಗಳನ್ನು ನಾಲ್ಕು ಸಂಹಿತೆಗಳಾಗಿ ಕೂಡಿಸಿ 2025ರ ನವೆಂಬರಿನಲ್ಲಿ ಜಾರಿಗೆ ತಂದಾಗ ಆ ಹೊಸ್ತಿಲು 20 ಮತ್ತು 40ಕ್ಕೆ ಏರಿತು. ಅದೇ ವೇಳೆಗೆ ಕಲ್ಯಾಣಾಧಿಕಾರಿಯನ್ನು ನೇಮಿಸಬೇಕಾದ ಮಿತಿಯು 500ರಿಂದ 250ಕ್ಕೆ ಇಳಿಯಿತು. ದೊಡ್ಡ ಕಾರ್ಖಾನೆಯ ಕೆಲಸಗಾರನಿಗೆ ಅಧಿಕಾರಿ ತುಸು ಹತ್ತಿರವಾದನು. ಸಣ್ಣ ಶೆಡ್ಡಿನ ಕೆಲಸಗಾರನಿಗೆ ಕಾನೂನು ತುಸು ದೂರವಾಯಿತು. ಈ ಮನೆಯ ಕುಣಿಮಗ್ಗವಂತೂ ಎರಡು ಹೊಸ್ತಿಲುಗಳಿಗೂ ಹೊರಗಿತ್ತು, ಹೊರಗೇ ಇದೆ.

ತರುಣಿ: ಹಾಗಾದರೆ ನನ್ನ ಪದವಿ ಇಂಥ ಮನೆಗಳಿಗೆ ನಿರುಪಯೋಗಿಯೆಂದು ಒಪ್ಪಿಕೊಳ್ಳಬೇಕೆ? ನಾನು ಕೆಲಸಕ್ಕೆ ಸೇರುವುದು ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ. ಅಲ್ಲಿ ನನ್ನ ಸಂಬಳವನ್ನು ಕೊಡುವವನು ಒಡೆಯ; ನಾನು ಅವನ ಪರವಾಗಿಯೇ ಮಾತನಾಡಬೇಕಾದೀತೆಂಬ ಅಳುಕು ಬೇರೆ ಇದೆ.

ಹಿರಿಯರು: ಆ ಅಳುಕು ನಿನಗಿರುವುದು ಶುಭಲಕ್ಷಣ. ಈ ಹುದ್ದೆಯ ಇಕ್ಕಟ್ಟು ಹುಟ್ಟಿನಿಂದಲೇ ಬಂದುದು. ಕಲ್ಯಾಣಾಧಿಕಾರಿಯನ್ನು ನೇಮಿಸುವವನು ಒಡೆಯ, ಸಂಬಳ ಕೊಡುವವನು ಒಡೆಯ. ಆದರೆ ಕೆಲಸಗಾರನ ದೂರನ್ನು ಒಡೆಯನ ಮುಂದೆ ಇಡಬೇಕಾದವನು ಆ ಅಧಿಕಾರಿ. ಈ ಕಾರಣದಿಂದಲೇ ಹಲವು ರಾಜ್ಯಗಳ ನಿಯಮಗಳು, ಕೆಲಸಗಾರನ ಮೇಲಿನ ಶಿಸ್ತಿನ ವಿಚಾರಣೆಯಲ್ಲಿ ಕಲ್ಯಾಣಾಧಿಕಾರಿಯು ಒಡೆಯನ ಪರವಾಗಿ ನಿಲ್ಲಕೂಡದೆಂದು ವಿಧಿಸಿದವು. ಮಾನವ ಸಂಪನ್ಮೂಲದ ವ್ಯವಸ್ಥಾಪಕನಿಗೆ ಅಂಥ ನಿಷೇಧವಿಲ್ಲ. ಅವನಿಗೆ ಇರುವುದು ಅವನ ವಿದ್ಯೆ ಮತ್ತು ವಿವೇಕ ಮಾತ್ರ. ಮೇರಿ ಪಾರ್ಕರ್ ಫಾಲೆಟ್ ಎಂಬ ಅಮೆರಿಕದ ವಿದುಷಿ 1920ರ ದಶಕದಲ್ಲಿಯೇ ಹೇಳಿದ ವಿಚಾರವೊಂದು ಇಲ್ಲಿ ಉಪಯುಕ್ತ: ಇಬ್ಬರ ನಡುವೆ ಘರ್ಷಣೆ ಬಂದಾಗ ಒಬ್ಬನು ಇನ್ನೊಬ್ಬನನ್ನು ಮಣಿಸಬಹುದು, ಇಬ್ಬರೂ ತುಸು ತುಸು ಬಿಟ್ಟುಕೊಡಬಹುದು, ಅಥವಾ ಇಬ್ಬರಿಗೂ ನಿಜವಾಗಿ ಬೇಕಾಗಿರುವುದೇನೆಂದು ಶೋಧಿಸಿ ಮೂರನೆಯ ಮಾರ್ಗವನ್ನು ಕಂಡುಹಿಡಿಯಬಹುದು. ಮೊದಲಿನ ಎರಡಕ್ಕೆ ಪದವಿಯ ಆವಶ್ಯಕತೆಯಿಲ್ಲ, ಮೂರನೆಯದಕ್ಕೆ ಇದೆ. ಏಕೆಂದರೆ ಅದಕ್ಕೆ ಕಾನೂನು ತಿಳಿದಿರಬೇಕು, ವೇತನದ ಗಣಿತ ತಿಳಿದಿರಬೇಕು, ಯಂತ್ರದ ಮುಂದೆ ನಿಂತವನ ದಿನವು ಹೇಗೆ ಕಳೆಯುತ್ತದೆಂದು ತಿಳಿದಿರಬೇಕು.

ನೇಕಾರ: ಖಾಲಿ ಮಗ್ಗದ ಲೆಕ್ಕಕ್ಕೂ ಅಂಥಾದ್ದೊಂದು ಮೂರನೇ ಹಾದಿ ಸಿಗತೈತೇನ್ರಿ?

ಹಿರಿಯರು: ಪ್ರಯತ್ನಿಸಬಹುದು. ಸಾಹುಕಾರನಿಗೆ ಬೇಕಾದುದು ಸರಕು ಹಬ್ಬಕ್ಕೆ ಮುನ್ನ ಕೈಸೇರುವುದು. ತಮಗೆ ಬೇಕಾದುದು ಮಗ್ಗ ಖಾಲಿ ಕೂರದಿರುವುದು. ನೂಲು ಎಂದು ಬರುವುದೆಂಬುದನ್ನು ಮುಂಚಿತವಾಗಿ ಗೊತ್ತುಪಡಿಸಿ, ಅದು ತಪ್ಪಿದ ದಿನಗಳಿಗೆ ಒಂದು ಸಣ್ಣ ಮೊತ್ತವನ್ನು ಒಪ್ಪಂದದಲ್ಲಿಯೇ ಬರೆದರೆ, ತಡಮಾಡದಿರುವುದು ಸಾಹುಕಾರನಿಗೇ ಲಾಭದ ವಿಷಯವಾಗುತ್ತದೆ. ಆದರೆ ಇದನ್ನು ವಾದಿಸುವುದಕ್ಕೆ ಮೊದಲು, ವರ್ಷದಲ್ಲಿ ಮಗ್ಗ ಎಷ್ಟು ದಿನ ಖಾಲಿಯಿತ್ತು, ಏತಕ್ಕೆ ಖಾಲಿಯಿತ್ತು ಎಂಬ ದಾಖಲೆ ಕೈಯಲ್ಲಿರಬೇಕು. ಅದನ್ನು ಬರೆದಿಟ್ಟವರು ಯಾರಿದ್ದಾರೆ?

ತರುಣಿ: ಯಾರೂ ಇಲ್ಲ. ಆ ದಾಖಲೆಯನ್ನೇ ನನ್ನ ಪ್ರಬಂಧದ ವಿಷಯವನ್ನಾಗಿ ಮಾಡಿದರೆ? ಎಂ.ಬಿ.ಎ.ಯಲ್ಲಿಯೂ ಕೊನೆಯ ವರ್ಷ ಒಂದು ಸಂಸ್ಥೆಯನ್ನು ಅಧ್ಯಯನ ಮಾಡಿ ವರದಿಯನ್ನು ಒಪ್ಪಿಸಬೇಕು. ಬಹುತೇಕರು ನಗರದ ಕಂಪನಿಯೊಂದಕ್ಕೆ ಹೋಗಿ, ನೌಕರರ ತೃಪ್ತಿಯ ಬಗ್ಗೆ ಪ್ರಶ್ನಾವಳಿಯನ್ನು ಹಂಚಿ, ಶೇಕಡಾವಾರು ಚಿತ್ರ ಬರೆದು ಮುಗಿಸುತ್ತಾರೆಂದು ಹಿಂದಿನ ವರ್ಷದವರು ಹೇಳಿದರು. ನಾನು ಇಲ್ಲಿಗೇ ಬರುತ್ತೇನೆ. ಒಂದು ಸೀರೆಗೆ ಎಷ್ಟು ಜನರ ಎಷ್ಟು ಗಂಟೆಗಳು ಸಂದವು, ಅದರಲ್ಲಿ ಎಷ್ಟು ಮಜೂರಿಯ ಪುಸ್ತಕಕ್ಕೆ ಬಂದವು, ಎಷ್ಟು ಬರಲಿಲ್ಲ ಎಂದು ಬರೆಯುತ್ತೇನೆ. ಇಳಕಲ್ಲಿನ ಕೆಂಪುಕಲ್ಲಿನ ಗಣಿಗಳಲ್ಲಿ ದುಡಿಯುವವರ ಹಾಜರಿಯನ್ನು ಯಾರು ಬರೆಯುತ್ತಾರೆಂಬುದನ್ನೂ ನೋಡಬೇಕು.

ನೇಕಾರ: ಪುಸ್ತಕ ನನ್ನ ಹಂತ್ಯಾಕ ಐತಿ, ಕೊಡ್ತೀನಿ. ಸಾಹುಕಾರ ಹೊಲ್ಲ್ಯಾನಂತ ಮಾತ್ರ ಬರೀಬ್ಯಾಡ. ಅವಗ ಪ್ಯಾಟಿಯಾಗ ಉದ್ರಿ ಬಾಳ ಐತಿ. ಅಂಗಡ್ಯಾವರು ಅವಗೂ ತಿಂಗಳಗಟ್ಟಲೆ ರೊಕ್ಕ ಕೊಡಂಗಿಲ್ಲ. ಅದನ್ನೂ ಕೇಳಿ ಬರಿ.

ಹಿರಿಯರು: ಈ ಮಾತನ್ನು ಪ್ರಾಧ್ಯಾಪಕರು ಹೇಳಿದ್ದರೆ ನಾನು ಅವರನ್ನು ಮೆಚ್ಚುತ್ತಿದ್ದೆ, ನೇಕಾರರು ಹೇಳಿದ್ದಾರೆ, ನಮಸ್ಕರಿಸುತ್ತೇನೆ. ಎದುರು ಪಕ್ಷದ ಲೆಕ್ಕವನ್ನೂ ನೋಡದೆ ತೀರ್ಪು ಕೊಡಬಾರದೆಂಬುದು ಈ ವಿದ್ಯೆಯ ಎರಡನೆಯ ಪಾಠ. ಇನ್ನು ನೀನು ಕೇಳಿದ ಎರಡು ರಸ್ತೆಗಳ ವಿಷಯ. ಎಂ.ಬಿ.ಎ.ಯನ್ನೇ ಆರಿಸಿಕೋ; ನಿರ್ಣಯಗಳು ಆಗುವ ಕೋಣೆಯೊಳಗೆ ಇಂದು ಪ್ರವೇಶವಿರುವುದು ಹೆಚ್ಚಾಗಿ ಆ ಹಾದಿಯಿಂದ. ಆದರೆ ಇನ್ನೊಂದು ಹಾದಿಯ ಕ್ಷೇತ್ರಕಾರ್ಯವನ್ನು ಯಾರೂ ವಿಧಿಸದಿದ್ದರೂ ನೀನೇ ವಿಧಿಸಿಕೊಳ್ಳಬೇಕು. ಬೆಳಗಾವಿ, ಧಾರವಾಡ, ಬಾಗಲಕೋಟೆಗಳಲ್ಲಿ ಈ ವಿದ್ಯೆಯನ್ನು ಕಲಿಸುವವರಿಗೆ ನನ್ನ ಮಾತು ಮುಟ್ಟುವುದಾದರೆ ಹೇಳುತ್ತೇನೆ: ತಮ್ಮ ಸುತ್ತ ಕೈಮಗ್ಗವಿದೆ, ರಬಕವಿ-ಬನಹಟ್ಟಿಗಳ ವಿದ್ಯುತ್‌ಮಗ್ಗವಿದೆ, ಕಲ್ಲಿನ ಗಣಿಯಿದೆ, ಸಕ್ಕರೆಯ ಕಾರ್ಖಾನೆಯಿದೆ, ಗುಳೆ ಹೋಗುವ ಊರುಗಳಿವೆ, ಇವನ್ನು ಬಿಟ್ಟು ಶಿಕಾಗೊವಿನ ಕಾರ್ಖಾನೆಯೊಂದನ್ನೇ ವರ್ಷವರ್ಷವೂ ಒಪ್ಪಿಸಿದರೆ, ವಿದ್ಯಾರ್ಥಿಗೆ ಪದವಿ ದೊರೆತೀತು, ವಿದ್ಯೆ ದೊರೆಯಲಾರದು. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಅವಧಿಯನ್ನು, ಮಾನವ ಸಂಪನ್ಮೂಲ ವಿಭಾಗವೆಂಬುದೇ ಇಲ್ಲದ ದುಡಿಮೆಯ ಸ್ಥಳದಲ್ಲಿ ಕಳೆದು, ಅಲ್ಲಿಯ ಮಜೂರಿಯ ಲೆಕ್ಕವನ್ನು ದುಡಿದವರ ಎದುರಿನಲ್ಲಿಯೇ ಓದಿ ಒಪ್ಪಿಸಲಿ. ಆ ಲೆಕ್ಕವನ್ನು ಅವರು ಸರಿಯೆಂದರೆ ಮಾತ್ರ ಅವನನ್ನು ತೇರ್ಗಡೆ ಮಾಡಿ.